ಅಂತರಜಾಲದ ಕನ್ನಡ ಪರಿಭಾಷೆ: ಓದುಗನ ಪದಗಳು, ಪ್ರಕಾಶಕನ ಪದಗಳು

ಹೊಸ ವಿದ್ಯೆಯೊಂದು ಭಾಷೆಯೊಳಗೆ ಪ್ರವೇಶಿಸುವಾಗ ಅದರ ಪರಿಭಾಷೆಯನ್ನು ಯಾವ ಮೂಲದಿಂದ ತರಬೇಕೆಂಬ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಪ್ರಕಟವಾದಾಗಲೂ, ಮುಂದೆ ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದಾಗಲೂ ಅದೇ ಪ್ರಶ್ನೆ ಎದುರಿಗಿತ್ತು. ಸಂಸ್ಕೃತದ ಧಾತುಗಳಿಂದ ಹೊಸ ಪದವನ್ನು ಕಟ್ಟುವುದೋ, ದೇಸಿ ನುಡಿಯ ಅರ್ಥವನ್ನು ಹಿಗ್ಗಿಸಿಕೊಳ್ಳುವುದೋ, ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಉಳಿಸಿಕೊಳ್ಳುವುದೋ? ಅಂತರಜಾಲಕ್ಕೆ ಸಂಬಂಧಿಸಿದ ಕನ್ನಡ ಪದಗಳನ್ನು ಕುರಿತು ಕಳೆದ ಮೂರು ದಶಕಗಳಲ್ಲಿ ನಡೆದಿರುವ ಚರ್ಚೆಯೂ ಬಹುಮಟ್ಟಿಗೆ ಈ ಮೂರು ದಾರಿಗಳ ನಡುವಣ ವ್ಯಾಜ್ಯವೇ ಆಗಿದೆ. ಪ್ರಸ್ತುತ ಲೇಖನ ಆ ವ್ಯಾಜ್ಯದಲ್ಲಿ ಯಾವ ಪಕ್ಷವನ್ನೂ ವಹಿಸುವುದಿಲ್ಲ. ಪದದ ಕುಲಗೋತ್ರಕ್ಕಿಂತ ಅದು ಮಾಡುವ ಕೆಲಸ ಮುಖ್ಯವೆಂಬ ನಿಲುವಿನಿಂದ ಇಲ್ಲಿ ಬೇರೊಂದು ಒರೆಗಲ್ಲನ್ನು ಬಳಸಲಾಗಿದೆ. ಹೊಸದಾಗಿ ಕಲಿಯುವವನು ಬೇರೆ ಬೇರೆಯೆಂದು ತಿಳಿಯಲೇಬೇಕಾದ ಎರಡು ವಸ್ತುಗಳನ್ನು ಈ ಪದ ಬಿಡಿಸಿ ತೋರಿಸುತ್ತದೆಯೆ, ಅಥವಾ ಎರಡನ್ನೂ ಕಲಸಿಬಿಡುತ್ತದೆಯೆ? ಹೀಗೆ ಉಜ್ಜಿ ನೋಡಿದಾಗ ಜಾಲವನ್ನು ಓದುವವನಿಗೆ ಬೇಕಾದ ಕನ್ನಡ ಚೆನ್ನಾಗಿ ಬೆಳೆದಿರುವುದೂ, ಜಾಲದಲ್ಲಿ ಪ್ರಕಟಿಸುವವನಿಗೆ ಬೇಕಾದ ಕನ್ನಡ ತೀರ ಬಡವಾಗಿ ಉಳಿದಿರುವುದೂ ಕಾಣುತ್ತದೆ. ಈ ಬಡತನದ ಬೆಲೆಯನ್ನು ಕನ್ನಡದ ಪಠ್ಯಗಳೇ ತೆತ್ತಿವೆ ಎಂಬುದು ಇಲ್ಲಿಯ ಮುಖ್ಯ ಪ್ರತಿಪಾದನೆ.

ಈ ಪದಗಳು ಹುಟ್ಟಿದ ಬಗೆಯನ್ನು ಮೊದಲು ಗಮನಿಸಬೇಕು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲದ ಸಂಪರ್ಕ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮರುವರ್ಷವೇ, 1996ರಲ್ಲಿ, ಯು.ಬಿ. ಪವನಜ ಅವರ 'ವಿಶ್ವಕನ್ನಡ' ಜಾಲಪತ್ರಿಕೆ ಕಾಣಿಸಿಕೊಂಡಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಈ ಅವಧಿಯಲ್ಲಿ ಪದಗಳನ್ನು ರೂಪಿಸಿದವರು ಪರಿಭಾಷಾ ಸಮಿತಿಗಳ ಪಂಡಿತರಲ್ಲ. ಸಂಜೆಯೊಳಗೆ ಅಂಕಣವೊಂದನ್ನು ಮುಗಿಸಬೇಕಾಗಿದ್ದ ಪತ್ರಿಕಾ ಬರಹಗಾರರು, ತಮ್ಮ ಪುಟದ ಮೂಲೆಯ ಗುಂಡಿಗೆ ಒಂದು ಹೆಸರು ಬೇಕಾಗಿದ್ದ ತಾಣಗಳ ನಿರ್ಮಾತೃಗಳು. ಆದ್ದರಿಂದ ಪರದೆಯ ಮೇಲೆ ಕಾಣುವ ವಸ್ತುಗಳಿಗೆ ಬೇಗ ಹೆಸರು ಸಿಕ್ಕಿತು, ಪರದೆಯ ಹಿಂದಿನದು ಇಂಗ್ಲಿಷಿನಲ್ಲೇ ಉಳಿಯಿತು. ಇದು ಸಹಜವೇ, ಆಕ್ಷೇಪಿಸಬೇಕಾದದ್ದು ಹಿಂದಿನದನ್ನು ಆಮೇಲೆಯೂ ಯಾರೂ ಮುಟ್ಟದಿರುವುದನ್ನು.

ಕನ್ನಡದಲ್ಲಿ ಅತ್ಯಂತ ಹೆಚ್ಚು ಶಾಯಿ ಖರ್ಚಾಗಿರುವುದು 'ಅಂತರಜಾಲ'ವೋ 'ಅಂತರ್ಜಾಲ'ವೋ ಎಂಬ ಪ್ರಶ್ನೆಗೆ. 'ಅಂತರ್' ಎಂದರೆ ಒಳಗೆ, ಆದುದರಿಂದ 'ಅಂತರ್ಜಾಲ' ಎಂಬುದು ಸಂಸ್ಥೆಯೊಂದರ ಒಳಗಿನ ಜಾಲವಾದೀತು. ಜಾಲಗಳ ನಡುವಣ ಜಾಲಕ್ಕೆ 'ಅಂತರಜಾಲ'ವೇ ಸರಿ ಎಂಬುದು ಒಂದು ವಾದ. ಅಂತರ್ಗತ, ಅಂತರ್ಮುಖಿ, ಅಂತರ್ಜಲ ಮುಂತಾದ ಪದಗಳು ಈ ವಾದಕ್ಕೆ ಬೆಂಬಲವಾಗಿ ನಿಲ್ಲುತ್ತವೆ. ಆದರೆ 'ಅಂತರ್ಜಾತೀಯ ವಿವಾಹ' ಎನ್ನುವಾಗ ನಾವು ಜಾತಿಯ ಒಳಗಿನ ವಿವಾಹವನ್ನು ಹೇಳುತ್ತಿಲ್ಲ. 'ಅಂತಾರಾಷ್ಟ್ರೀಯ' ಎಂಬ ಪದ ಇನ್ನೂ ಗಟ್ಟಿಯಾದ ಸಾಕ್ಷಿ. ಅದು 'ಅಂತರ್' ಎಂಬುದಕ್ಕೆ 'ರಾಷ್ಟ್ರೀಯ' ಸೇರಿ, ಎರಡು ರೇಫೆಗಳಲ್ಲಿ ಮೊದಲನೆಯದು ಲೋಪವಾಗಿ, ಹಿಂದಿನ ಸ್ವರ ದೀರ್ಘವಾದ ಸಂಧಿರೂಪ. ಅದನ್ನು ರಾಷ್ಟ್ರಗಳ ನಡುವಣದು ಎಂಬ ಅರ್ಥದಲ್ಲಿ ನಿತ್ಯವೂ ಬಳಸುವವರು 'ಅಂತರ್ಜಾಲ'ವನ್ನು ವ್ಯಾಕರಣದ ಹೆಸರಿನಲ್ಲಿ ತಳ್ಳಿಹಾಕುವಂತಿಲ್ಲ. ಸಂಸ್ಕೃತದ 'ಅಂತರ್' ಒಳಗೆ, ನಡುವೆ ಎಂಬ ಎರಡು ಅರ್ಥಗಳನ್ನೂ ಹೊತ್ತಿದೆ. ಪ್ರಸ್ತುತ ಲೇಖಕನು 'ಅಂತರಜಾಲ'ವನ್ನೇ ಬಳಸುವುದು ಉಚ್ಚಾರದ ಸೌಲಭ್ಯಕ್ಕಾಗಿ ಮತ್ತು 'ಅಂತರ್ಜಲ'ದೊಡನೆ ಆಗುವ ಅಚ್ಚಿನ ದೋಷಗಳನ್ನು ತಪ್ಪಿಸುವುದಕ್ಕಾಗಿ ಮಾತ್ರ.

ಇಷ್ಟು ವಾದಿಸಿದವರು ಇದಕ್ಕಿಂತ ಮುಖ್ಯವಾದ ಭೇದವನ್ನು ಕೈಬಿಟ್ಟರು. ಅಂತರಜಾಲ ಮತ್ತು ವಿಶ್ವವ್ಯಾಪಿ ಜಾಲ ಇವು ಒಂದೇ ಅಲ್ಲ. ಕಂಪ್ಯೂಟರುಗಳನ್ನು ಪರಸ್ಪರ ಜೋಡಿಸುವ ವ್ಯವಸ್ಥೆಯ ಮೊದಲ ಸಂದೇಶ ಹರಿದದ್ದು 1969ರಲ್ಲಿ, ಅಮೆರಿಕದ ಆರ್ಪಾನೆಟ್‌ನಲ್ಲಿ. ಇಂದಿನ ಅಂತರಜಾಲಕ್ಕೆ ತಳಹದಿಯಾದ ಸಂವಹನ ನಿಯಮಗಳು ಅಲ್ಲಿ ಜಾರಿಗೆ ಬಂದದ್ದು 1983ರ ಜನವರಿ 1ರಂದು. ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ 1989ರಲ್ಲಿ ಸೂಚಿಸಿ 1991ರಲ್ಲಿ ಹೊರಗಿನವರಿಗೆ ತೆರೆದದ್ದು ಆ ವ್ಯವಸ್ಥೆಯ ಮೇಲೆ ಓಡುವ, ಪುಟಗಳನ್ನು ಕೊಂಡಿಗಳಿಂದ ಬೆಸೆಯುವ ಇನ್ನೊಂದು ವ್ಯವಸ್ಥೆಯನ್ನು. ಮೊದಲನೆಯದು ರಸ್ತೆ, ಎರಡನೆಯದು ಆ ರಸ್ತೆಯಲ್ಲಿ ಓಡುವ ಅನೇಕ ವಾಹನಗಳಲ್ಲಿ ಒಂದು. ಇ-ಮೇಲ್ ಇನ್ನೊಂದು ವಾಹನ. ರೇ ಟಾಮ್ಲಿನ್‌ಸನ್ 1971ರಲ್ಲೇ ಅದನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಕಳಿಸಿದ್ದರು, ಅಂದರೆ ಪುಟಗಳ ಜಾಲ ಹುಟ್ಟುವುದಕ್ಕೆ ಎರಡು ದಶಕ ಮೊದಲು. ಕನ್ನಡದ ಪ್ರಾರಂಭಿಕ ಕೈಪಿಡಿಗಳಲ್ಲಿ ಈ ಎರಡಕ್ಕೂ 'ಜಾಲ' ಎಂಬ ಒಂದೇ ಪದ ಬಂದು, ಕಲಿಯುವವನು ರಸ್ತೆಯನ್ನೂ ವಾಹನವನ್ನೂ ಒಂದೆಂದೇ ತಿಳಿಯುವಂತಾಯಿತು. ಇಂಗ್ಲಿಷಿನ ಸಾಮಾನ್ಯ ಬಳಕೆದಾರನೂ ಇದೇ ತಪ್ಪನ್ನು ಮಾಡುತ್ತಾನೆ ಎಂಬುದು ನಿಜ. ಆದರೆ ಅಲ್ಲಿ ಎರಡು ಬೇರೆ ಪದಗಳಾದರೂ ಇವೆ; ತಪ್ಪನ್ನು ತಿದ್ದಲು ಹೊರಟ ಶಿಕ್ಷಕನ ಕೈಗೆ ಏನಾದರೂ ಸಿಗುತ್ತದೆ.

ಈ ಕಲಬೆರಕೆ ಮುಂದೆ 'ಜಾಲತಾಣ'ಕ್ಕೂ ಅಂಟಿಕೊಂಡಿತು. 'ಸ್ಥಾನ'ದ ತದ್ಭವವಾದ 'ತಾಣ' ಸುಂದರವಾದ ಆಯ್ಕೆ. ತಂಗುತಾಣ, ಬೀಡುತಾಣಗಳ ಪರಿಚಯವಿರುವ ಓದುಗನಿಗೆ ಅದು ಕೂಡಲೇ ದಕ್ಕುತ್ತದೆ. ಆದರೆ 2010ರ ದಶಕದಲ್ಲಿ ಪತ್ರಿಕೆಗಳು 'ಸಾಮಾಜಿಕ ಜಾಲತಾಣ' ಎಂಬ ಸಮಾಸವನ್ನು ಬಳಕೆಗೆ ತಂದು, ವಾಟ್ಸಾಪಿನಂಥ ಸಂದೇಶ ವ್ಯವಸ್ಥೆಯನ್ನೂ ಅದರಲ್ಲಿ ಸೇರಿಸಿದವು. ಈಗ ವಿಶೇಷಣ ಉದುರಿಹೋಗಿ, 'ಜಾಲತಾಣದಲ್ಲಿ ಹರಿದಾಡಿದ ವಿಡಿಯೊ' ಎಂದರೆ ಫೇಸ್‌ಬುಕ್ ಅಥವಾ ವಾಟ್ಸಾಪ್ ಎಂದೇ ಅರ್ಥ. ಸ್ವಂತ ವಿಳಾಸವೂ ಸ್ವಂತ ಸಂಪಾದಕೀಯ ಹೊಣೆಯೂ ಇರುವ ತಾಣಕ್ಕೆ, ಅಂದರೆ ಪ್ರಕಾಶನ ಸಂಸ್ಥೆಗೆ ಹೋಲಿಸಬಹುದಾದ ವಸ್ತುವಿಗೆ, ಮೀಸಲಾಗಿದ್ದ ಪದ ಹೀಗೆ ಕೈತಪ್ಪಿತು. ಸಂಶೋಧಕನೊಬ್ಬ ತನ್ನ ಅಡಿಟಿಪ್ಪಣಿಯಲ್ಲಿ 'ಜಾಲತಾಣದಿಂದ' ಎಂದು ಬರೆದರೆ ಇಂದು ಅದರಿಂದ ಏನೂ ತಿಳಿಯುವುದಿಲ್ಲ.

ಗೆದ್ದ ಪದಗಳ ಬಗ್ಗೆ ಎರಡು ಮಾತು ಹೇಳಲೇಬೇಕು. 'ಕೊಂಡಿ' ಇವುಗಳಲ್ಲಿ ಶ್ರೇಷ್ಠ. ಸರಪಳಿಯ ಕೊಂಡಿ, ಬಾಗಿಲ ಕೊಂಡಿಗಳ ಅನುಭವದಿಂದ ಬಂದ ಈ ಪದ ಕ್ರಿಯಾಪದಗಳೊಡನೆ ಸರಾಗವಾಗಿ ಕೂಡುತ್ತದೆ. ಕೊಂಡಿ ಕೊಡಬಹುದು, ಒತ್ತಬಹುದು, ಅದು ಕಳಚಬಹುದು, ಮುರಿಯಬಹುದು. ಚೇಳಿಗೂ ಕೊಂಡಿಯುಂಟೆಂಬುದನ್ನು ಮೋಸದ ಕೊಂಡಿಗಳ ಈ ಕಾಲದಲ್ಲಿ ಹೆಚ್ಚುವರಿ ಲಾಭವೆಂದೇ ಎಣಿಸಬಹುದು. 'ಇಳಿಸಿಕೊಳ್ಳು' ಎಂಬ ಕ್ರಿಯಾಪದವೂ ಇಂಥದೇ. ಕನ್ನಡದ 'ಕೊಳ್ಳು' ಕ್ರಿಯೆಯ ಫಲ ಯಾರಿಗೆ ಸೇರುತ್ತದೆಂಬುದನ್ನು ಹೇಳುತ್ತದೆ. ಕಡತ ದೂರದ ಯಂತ್ರದಿಂದ ನನ್ನ ಯಂತ್ರಕ್ಕೆ ಬಂತು ಎಂಬ ದಿಕ್ಕು ಇಂಗ್ಲಿಷ್ ಪದಕ್ಕಿಂತ ಇಲ್ಲಿ ಸ್ಪಷ್ಟ. ಅದರ ಎದುರು 'ಏರಿಸು' ಎಂಬುದು ನೇರವಾಗಿ ನಿಲ್ಲುತ್ತದೆ.

'ಕಡತ'ದ ಕಥೆ ಇನ್ನೂ ರಸವತ್ತಾದದ್ದು. ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಜೋಡಿಸಿ, ಬಳಪದಿಂದ ಬರೆಯುತ್ತಿದ್ದ ಕರಿಯ ಪುಸ್ತಕವೇ ಕಡತ. ಶೃಂಗೇರಿ ಮಠದ ಕಡತಗಳು ಕರ್ನಾಟಕದ ಇತಿಹಾಸಕಾರರಿಗೆ ಸುಪರಿಚಿತವಾದ ಆಕರ. ಅಲ್ಲಿಂದ ಕಚೇರಿಯ ಕಾಗದದ ಕಟ್ಟಿಗೆ, ಅಲ್ಲಿಂದ ಕಂಪ್ಯೂಟರಿನ ಉಳಿತಾಯದ ಘಟಕಕ್ಕೆ ಈ ಪದ ನಡೆದುಬಂದಿದೆ. ಅಳಿಸಿ ಮತ್ತೆ ಬರೆಯಬಹುದಾದದ್ದು, ಹೆಸರು ಕೊಟ್ಟು ಜೋಡಿಸಿಡಬಹುದಾದದ್ದು ಎಂಬ ಗುಣಗಳು ಆ ಹಳೆಯ ಕಡತಕ್ಕೂ ಇದ್ದವು. ಪದವನ್ನು ಆರಿಸಿದವರಿಗೆ ಇದು ತಿಳಿದಿತ್ತೋ ಇಲ್ಲವೋ, ಆಯ್ಕೆಯಂತೂ ಒಪ್ಪುವಂಥದು.

'ಮುಖಪುಟ' ಅಷ್ಟು ನಿರ್ದುಷ್ಟವಲ್ಲ. ಅಚ್ಚಿನ ಲೋಕದಲ್ಲಿ ಅದು ಪುಸ್ತಕದ ಹೊದಿಕೆ, ಇಲ್ಲವೆ ಪತ್ರಿಕೆಯ ಮೊದಲ ಪುಟ. ಜಾಲದಲ್ಲಿ ಅದು ತಿರುಗಿ ತಿರುಗಿ ಮರಳುವ ಮನೆ. ಕನ್ನಡ ವಿಕಿಪೀಡಿಯ 'ಮುಖ್ಯ ಪುಟ' ಎಂದು ಕರೆದುಕೊಂಡದ್ದು ಬಹುಶಃ ಹೆಚ್ಚು ವಿವೇಕದ್ದು. 'ಮಿಂಚಂಚೆ' ಕಿವಿಗೆ ಹಿತವಾಗಿದ್ದರೂ 'ಇ-ಮೇಲ್'ನ ಮುಂದೆ ನಿಲ್ಲಲಿಲ್ಲ. ಇಲ್ಲಿ ನಷ್ಟವೇನೂ ಇಲ್ಲ. ಎರಡೂ ಒಂದೇ ವಸ್ತುವನ್ನು ಗೊಂದಲವಿಲ್ಲದೆ ತೋರಿಸುತ್ತವೆ.

ಗೊಂದಲ ಮೂಡಿದ್ದು ಬ್ರೌಸರ್ ವಿಷಯದಲ್ಲಿ. ಅದಕ್ಕೆ ಜಾಲದರ್ಶಕ, ವೀಕ್ಷಕ, ಜಾಲಶೋಧಕ ಎಂಬ ರೂಪಗಳು ಬಂದವು. ಹುಡುಕುವ ಸೇವೆಗೆ ಶೋಧಯಂತ್ರ, ಶೋಧಕ, ಹುಡುಕುತಾಣ ಎಂಬವು ಬಂದವು. 'ಶೋಧ' ಎಂಬುದು ಎರಡು ಕಡೆಯೂ ನಿಂತಿತು. ಬ್ರೌಸರ್ ನಮ್ಮ ಯಂತ್ರದಲ್ಲಿರುವ, ಪುಟವನ್ನು ತರಿಸಿ ಬಿಡಿಸಿ ತೋರಿಸುವ ತಂತ್ರಾಂಶ. ಶೋಧಯಂತ್ರ ದೂರದಲ್ಲೆಲ್ಲೋ ಕುಳಿತು ಕೋಟ್ಯಂತರ ಪುಟಗಳ ಪದಸೂಚಿಯನ್ನು ಸಿದ್ಧಮಾಡಿಟ್ಟುಕೊಂಡಿರುವ ಸೇವೆ. ವಿಳಾಸವನ್ನು ನೇರವಾಗಿ ಬರೆದು ಪುಟಕ್ಕೆ ಹೋಗಬಹುದೆಂಬುದೇ ತಿಳಿಯದೆ, ಕೈಯಲ್ಲಿರುವ ವಿಳಾಸವನ್ನು ಶೋಧದ ಕಿಂಡಿಯಲ್ಲಿ ತುಂಬಿ ಹುಡುಕುವ ಅಭ್ಯಾಸ ಇಂದಿಗೂ ವ್ಯಾಪಕ. ಬ್ರೌಸರ್‌ಗೆ 'ಬ್ರೌಸರ್' ಎಂದೇ ಇಟ್ಟುಕೊಂಡು, 'ಶೋಧ'ವನ್ನು ಹುಡುಕಾಟಕ್ಕೆ ಮೀಸಲಿಡುವುದು ಇದಕ್ಕೆ ಪರಿಹಾರ.

ಇನ್ನು ಪ್ರಕಾಶಕನ ಪದಗಳಿಗೆ ಬರೋಣ. ಜಾಲದಲ್ಲಿ ಒಂದು ಪುಟವನ್ನು ಪ್ರಕಟಿಸುವವನು ಹೆಸರು, ಜಾಗ, ದಾರಿ ಎಂಬ ಮೂರನ್ನು ಬೇರ್ಪಡಿಸಿ ತಿಳಿಯಬೇಕು. ಹೆಸರು ಎಂದರೆ ಡೊಮೇನ್, ಕೆಲವರು ಹೇಳುವಂತೆ ಜಾಲನಾಮ. ಯಂತ್ರಗಳು ಪರಸ್ಪರ ಗುರುತಿಸುವುದು ಸಂಖ್ಯೆಗಳಿಂದ. ಮನುಷ್ಯರಿಗೆ ಸಂಖ್ಯೆ ನೆನಪಿರದು. ಆದುದರಿಂದ ಹೆಸರನ್ನು ಸಂಖ್ಯೆಗೆ ಹೊಂದಿಸಿ ಹೇಳುವ ವ್ಯವಸ್ಥೆಯನ್ನು ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದರು. ಈ ಹೆಸರನ್ನು 'ಖರೀದಿಸುವುದು' ಎಂಬ ಮಾತು ಕನ್ನಡದಲ್ಲಿ ಬೇರೂರಿರುವುದು ದುರದೃಷ್ಟಕರ. ಯಾರೂ ಅದನ್ನು ಖರೀದಿಸಲಾರರು. ವರ್ಷಕ್ಕಿಷ್ಟೆಂದು ತೆತ್ತು, ಸಾಮಾನ್ಯ ಡೊಮೇನುಗಳಲ್ಲಿ ಒಮ್ಮೆಗೆ ಹೆಚ್ಚೆಂದರೆ 10 ವರ್ಷಗಳ ಅವಧಿಗೆ ನೋಂದಾಯಿಸಿಕೊಳ್ಳಬಹುದು. ಅವಧಿ ಮುಗಿದು ನವೀಕರಿಸದಿದ್ದರೆ ಹೆಸರು ಬೇರೆಯವರ ಪಾಲಾಗುತ್ತದೆ. ಗೇಣಿ, ಗುತ್ತಿಗೆ, ಭೋಗ್ಯಗಳ ಸೂಕ್ಷ್ಮ ಭೇದಗಳನ್ನು ಬಲ್ಲ ಭಾಷೆಯಲ್ಲಿ ಇದನ್ನು ಖರೀದಿಯೆಂದು ಕರೆಯುವ ಅಗತ್ಯವೇ ಇರಲಿಲ್ಲ. 'ಹೆಸರಿನ ಗುತ್ತಿಗೆ' ಎಂದಿದ್ದರೆ ಎಷ್ಟೋ ಸಾಹಿತ್ಯಿಕ ತಾಣಗಳ ಒಡೆಯರು ಮುಗಿಯುವ ತಾರೀಖನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುತ್ತಿದ್ದರು. ಕನ್ನಡ ಲಿಪಿಯಲ್ಲೇ 'ಭಾರತ' ಎಂದು ಕೊನೆಗೊಳ್ಳುವ ಹೆಸರುಗಳೂ ಈಗ ಸಾಧ್ಯವಿವೆ. ಅವು ಇಂಗ್ಲಿಷ್ ಹೆಸರುಗಳಂತೆಯೇ ಗುತ್ತಿಗೆಯವು.

ಜಾಗ ಎಂದರೆ ಪುಟಗಳ ಕಡತಗಳು ವಾಸ್ತವವಾಗಿ ಇರುವ ಯಂತ್ರ, ಸರ್ವರ್. ಇದಕ್ಕೆ 'ಪರಿಚಾರಕ' ಎಂಬ ಅನುವಾದವಿದೆ. ಆದರೆ ಉಡುಪಿ ಹೋಟೆಲುಗಳ ನಾಡಿನಲ್ಲಿ 'ಸರ್ವರ್' ಎಂಬ ಪದ ಮೊದಲೇ ಇತ್ತು: ನೀವು ಕೇಳಿದ್ದನ್ನು ಒಳಗಿನಿಂದ ತಂದು ಮೇಜಿನ ಮೇಲೆ ಇಡುವವನು, ಕೇಳದೆ ಏನನ್ನೂ ತಾರದವನು. ಯಂತ್ರ ಮಾಡುವ ಕೆಲಸವೂ ಅಷ್ಟೇ. ಪಂಡಿತರ ಅನುವಾದಕ್ಕಿಂತ ಎರವಲು ಪದವೇ ಇಲ್ಲಿ ಹೆಚ್ಚು ಕನ್ನಡವಾಗಿದೆ. ಪಡಿತರದ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತವರೂ 'ಸರ್ವರ್ ಇಲ್ಲವಂತೆ' ಎಂದು ಹೇಳುವಷ್ಟು ಅದು ಒಳಗಿಳಿದಿದೆ. ಹೆಸರಿನ ಗುತ್ತಿಗೆ ಒಬ್ಬರಲ್ಲೂ ಜಾಗದ ಬಾಡಿಗೆ ಇನ್ನೊಬ್ಬರಲ್ಲೂ ಇರಬಹುದು. ಮನೆ ಬದಲಾಯಿಸಿದರೂ ಹೆಸರು ಉಳಿಸಿಕೊಳ್ಳಬಹುದು. ಎರಡನ್ನೂ 'ವೆಬ್‌ಸೈಟ್ ಮಾಡಿಸುವುದು' ಎಂಬ ಒಂದೇ ಮಾತಿನಲ್ಲಿ ಮುಗಿಸುವುದರಿಂದ ಪ್ರಕಾಶಕನಿಗೆ ತನ್ನದೇನು, ಬಾಡಿಗೆಯದೇನು ಎಂದು ತಿಳಿಯುವುದಿಲ್ಲ. ದಾರಿ ಎಂದರೆ ಹೆಸರಿನ ನಂತರ ಓರೆಗೆರೆಗಳ ನಡುವೆ ಬರುವ ಭಾಗ. ತಾಣವನ್ನು ನವೀಕರಿಸುವಾಗ ಹೆಸರನ್ನು ಉಳಿಸಿಕೊಂಡು ದಾರಿಗಳನ್ನೆಲ್ಲ ಬದಲಾಯಿಸಿದರೆ ಹಿಂದಿನವರು ಕೊಟ್ಟ ಕೊಂಡಿಗಳೆಲ್ಲ ಒಮ್ಮೆಲೇ ಸಾಯುತ್ತವೆ. 'ವಿಳಾಸ' ಎಂಬ ಪದ ಇವೆಲ್ಲವನ್ನೂ ನುಂಗಿ ಕುಳಿತಿದೆ.

ಆದರೆ ಕನ್ನಡಕ್ಕೆ ನಿಜವಾದ ಪೆಟ್ಟು ಬಿದ್ದದ್ದು 'ಫಾಂಟ್' ಎಂಬ ಒಂದೇ ಪದದಿಂದ. ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಕಂಪ್ಯೂಟರ್ ಅಕ್ಷರವನ್ನು ಸಂಖ್ಯೆಯಾಗಿ ಉಳಿಸುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದವೇ ಸಂಕೇತಕ್ರಮ. ಆ ಸಂಖ್ಯೆಯನ್ನು ಕಂಡಾಗ ಪರದೆಯ ಮೇಲೆ ಯಾವ ಆಕಾರವನ್ನು ಮೂಡಿಸಬೇಕು ಎಂಬುದು ಫಾಂಟಿನ ಕೆಲಸ. 1990ರ ದಶಕದ ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರಕ್ಕೆ ಸಂಖ್ಯೆಯ ಬೆಂಬಲವಿರಲಿಲ್ಲ. ಯುನಿಕೋಡ್ ತನ್ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದರೂ ಸಾಮಾನ್ಯರ ಯಂತ್ರಗಳಿಗೆ ಅದು ತಲುಪಲು ಹತ್ತು ವರ್ಷ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಫಾಂಟ್ ಬಂದದ್ದು ಒಂದು ಮೈಲಿಗಲ್ಲು. ಅಲ್ಲಿಯವರೆಗೆ ಕನ್ನಡವನ್ನು ಬದುಕಿಸಿದ್ದು ಒಂದು ಉಪಾಯ. ಲ್ಯಾಟಿನ್ ಲಿಪಿಗೆ ಮೀಸಲಾದ 256 ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಗುಡಿಸು, ಒತ್ತಕ್ಷರಗಳ ತುಣುಕು ಆಕಾರಗಳನ್ನು ಕೂರಿಸಿ, ಅವುಗಳನ್ನು ಜೋಡಿಸಿ ಅಕ್ಷರ ತೋರಿಸುವುದು. ಶೇಷಾದ್ರಿವಾಸು ಚಂದ್ರಶೇಖರನ್ ಅವರ 1998ರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ಮುದ್ರಣಾಲಯಗಳ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮೊದಲಾದವು ಈ ದಾರಿಯಲ್ಲೇ ಸಾಗಿದವು. ಅಂದಿನ ಸ್ಥಿತಿಯಲ್ಲಿ ಬೇರೆ ದಾರಿಯೂ ಇರಲಿಲ್ಲ. ಈ ತಂತ್ರಾಂಶಗಳಿಗೆ ಕನ್ನಡ ಋಣಿ.

ಈ ಉಪಾಯದ ಫಲವಾಗಿ ಆ ಕಾಲದ ಪುಟ ಹೊರಗೆ ಕನ್ನಡ, ಒಳಗೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು. ಫಾಂಟ್ ಇದ್ದವನಿಗೆ ಕನ್ನಡ ಕಾಣುತ್ತಿತ್ತು, ಇಲ್ಲದವನಿಗೆ ಕೊಂಬುಬಾಲಗಳಿಂದ ಕೂಡಿದ ಯುರೋಪಿನ ಅಕ್ಷರಗಳು ಕಾಣುತ್ತಿದ್ದವು. ಓದುಗನಿಗೆ ದೊರೆಯುತ್ತಿದ್ದ ಸೂಚನೆ ಒಂದೇ: 'ಫಾಂಟ್ ಇಳಿಸಿಕೊಳ್ಳಿ.' ಪುಟದ ಜೊತೆಗೇ ಫಾಂಟನ್ನು ಕಳಿಸುವ ಚಲನಶೀಲ ಫಾಂಟುಗಳೂ ಬಂದವು, ಅವೂ ಬ್ರೌಸರಿನಿಂದ ಬ್ರೌಸರಿಗೆ ಬೇರೆಯಾಗಿದ್ದವು. ಹೀಗೆ ಕಾಣುವುದು, ಕಾಣದಿರುವುದು ಎಲ್ಲವೂ ಫಾಂಟಿನ ಮಹಿಮೆ ಎಂಬ ತಿಳುವಳಿಕೆ ನೆಲೆಯೂರಿತು. ಸಂಕೇತಕ್ರಮಕ್ಕೆ ಜನಬಳಕೆಯಲ್ಲಿ ಪದವೇ ಹುಟ್ಟಲಿಲ್ಲ. ಯುನಿಕೋಡ್ ಬಂದಾಗ ಅದೂ ಒಂದು ಫಾಂಟ್ ಎಂದು ಜನ ತಿಳಿದರು. 'ನುಡಿಯಲ್ಲಿದೆ, ಯುನಿಕೋಡ್ ಫಾಂಟಿಗೆ ಬದಲಿಸಿ ಕಳಿಸಿ' ಎಂಬ ವಾಕ್ಯ ಇಂದಿಗೂ ಸಂಪಾದಕರ ಬಾಯಲ್ಲಿದೆ. ಈ ಪುಟ್ಟ ವಾಕ್ಯದಲ್ಲಿ ತಂತ್ರಾಂಶ, ಸಂಕೇತಕ್ರಮ, ಫಾಂಟ್ ಇವು ಮೂರೂ ಒಂದಾಗಿವೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯನ್ನೂ ಜನ 'ನುಡಿ' ಎಂದೇ ಕರೆಯುವುದರಿಂದ ನಾಲ್ಕನೆಯದೂ ಸೇರಿಕೊಂಡಿತು. ಅದೇ ಕೀಲಿಮಣೆಯಿಂದ ಯುನಿಕೋಡಿನಲ್ಲೂ ಬರೆಯಬಹುದು ಎಂದಾಗ ಅಚ್ಚರಿಪಡುವ ಹಿರಿಯ ಬರಹಗಾರರು ಇದ್ದಾರೆ. ಅಚ್ಚರಿಯ ಕಾರಣ ಅವರ ವಯಸ್ಸಲ್ಲ, ನಾವು ಅವರಿಗೆ ಕೊಟ್ಟ ಪದ.

ಇದರ ಪರಿಣಾಮ ಬರಿಯ ಮಾತಿನ ಗೊಂದಲವಾಗಿ ಉಳಿಯಲಿಲ್ಲ. ಫಾಂಟ್ ಸಂಕೇತದಲ್ಲಿ ಉಳಿದ ಪಠ್ಯವನ್ನು ಶೋಧಯಂತ್ರ ಓದಲಾರದು. ಕವಿಯ ಹೆಸರನ್ನು ಹುಡುಕಿದರೆ ಆ ಪುಟ ಸಿಗದು. ಅಕಾರಾದಿಯಾಗಿ ಜೋಡಿಸಲು ಬಾರದು. ಪುಟದ ಪ್ರತಿ ಎಲ್ಲಾದರೂ ಸಂಗ್ರಹದಲ್ಲಿ ಉಳಿದಿದ್ದರೂ ಆ ಫಾಂಟ್ ಜೊತೆಗೆ ಉಳಿಯದಿದ್ದರೆ ಅದು ಲಿಪಿ ತಿಳಿಯದ ಶಾಸನದಂತೆ. 'ಇದು ಫಾಂಟಿನ ತೊಂದರೆ, ಫಾಂಟ್ ಹಾಕಿಕೊಂಡರೆ ಸರಿಹೋಗುತ್ತದೆ' ಎಂದು ನಂಬಿದವರು, ಯುನಿಕೋಡ್ ಸಾಧ್ಯವಾದ ಮೇಲೂ ವರ್ಷಗಟ್ಟಲೆ ಹಳೆಯ ಕ್ರಮದಲ್ಲೇ ಪಠ್ಯಗಳನ್ನು ಕೂಡಿಹಾಕಿದರು. ಸಮಸ್ಯೆಗೆ ಸರಿಯಾದ ಹೆಸರಿದ್ದಿದ್ದರೆ ಪರಿಹಾರವೂ ಬೇಗ ಹೊಳೆಯುತ್ತಿತ್ತು ಎಂದು ಹೇಳುವುದು ಅತಿಶಯೋಕ್ತಿಯಾಗಲಾರದು.

ಸೋಜಿಗವೆಂದರೆ ಇದಕ್ಕೆ ಬೇಕಾದ ಪದಗಳು ಕನ್ನಡದಲ್ಲಿ ಮೊದಲೇ ಇದ್ದವು. 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳೋಣ. ಛಂದಸ್ಸು ಬಲ್ಲವನು ಅದರಲ್ಲಿ ಮೂರು ಅಕ್ಷರಗಳನ್ನು ಎಣಿಸುತ್ತಾನೆ. ಯುನಿಕೋಡಿನಲ್ಲಿ ಅದು ಐದು ಸಂಖ್ಯೆಗಳು: ಕ 3221, ನ 3240, ವಿರಾಮಚಿಹ್ನೆ 3277, ಮತ್ತೆ ನ 3240, ಡ 3233. ಇಂದು ಬಹುತೇಕ ಪುಟಗಳಲ್ಲಿರುವ ಕ್ರಮದಲ್ಲಿ ಒಂದೊಂದಕ್ಕೂ ಮೂರು ಬೈಟುಗಳಂತೆ ಒಟ್ಟು 15 ಬೈಟುಗಳು. ಪರದೆಯ ಮೇಲೆ ಮೂಡುವ ಆಕಾರಗಳ ಎಣಿಕೆ ಇನ್ನೂ ಬೇರೆ. ಅದು ಫಾಂಟಿನಿಂದ ಫಾಂಟಿಗೆ ಬದಲಾಗಬಹುದು. ಈ ಮೂರು ಎಣಿಕೆಗಳಿಗೂ ನಾವು 'ಅಕ್ಷರ' ಎಂಬ ಒಂದೇ ಪದವನ್ನು ಬಳಸುತ್ತಿದ್ದೇವೆ. ನಮ್ಮ ಶಾಸ್ತ್ರಪರಂಪರೆಯಲ್ಲಿ 'ವರ್ಣ' ಎಂಬ ಪದವಿದೆ. ಸಂಖ್ಯೆ ಪಡೆಯುವ ಘಟಕಕ್ಕೆ ಅದನ್ನು ಕೊಡಬಹುದು. ಪೂರ್ಣವಾಗಿ ಉಚ್ಚರಿಸುವ ಘಟಕಕ್ಕೆ 'ಅಕ್ಷರ' ಉಳಿಯಲಿ. ಆಕಾರಕ್ಕೆ ಮುದ್ರಣಾಲಯದ 'ಮೊಳೆ' ಇದೆ. ಸೀಸದ ಮೊಳೆಗಳನ್ನು ಖಾನೆಗಳಿಂದ ಆರಿಸಿ ಜೋಡಿಸುತ್ತಿದ್ದವರ ಪದ. ಹೀಗೆ ಹೇಳಿದರೆ ಇಡೀ ಇತಿಹಾಸ ಒಂದು ವಾಕ್ಯದಲ್ಲಿ ಹಿಡಿಯುತ್ತದೆ: ಹಳೆಯ ಪುಟಗಳು ಮೊಳೆಗಳಿಗೆ ಸಂಖ್ಯೆ ಕೊಟ್ಟವು, ಯುನಿಕೋಡ್ ವರ್ಣಗಳಿಗೆ ಸಂಖ್ಯೆ ಕೊಡುತ್ತದೆ. ಮೊಳೆಯ ಪೆಟ್ಟಿಗೆ ಕಳೆದರೆ ಹಳೆಯ ಪಠ್ಯ ಹೋಯಿತು. ಹೊಸದನ್ನು ಯಾವ ಪೆಟ್ಟಿಗೆಯಿಂದಲಾದರೂ ಮತ್ತೆ ಜೋಡಿಸಬಹುದು.

'ಸಂಕೇತ' ಎಂಬ ಪದದ ಬಗೆಗೂ ಎಚ್ಚರ ಬೇಕು. ಅದು ಪಾಸ್‌ವರ್ಡಿಗೆ 'ಗುಪ್ತಸಂಕೇತ'ವಾಗಿ, ಬೇರೆಯವರು ಓದದಂತೆ ಮರೆಮಾಡುವ ಕ್ರಿಯೆಗೆ 'ಸಂಕೇತೀಕರಣ'ವಾಗಿ ಈಗಾಗಲೇ ದುಡಿಯುತ್ತಿದೆ. ಎಲ್ಲರೂ ಓದಲೆಂದು ಮಾಡುವ ಒಪ್ಪಂದಕ್ಕೂ ಯಾರೂ ಓದಬಾರದೆಂದು ಹಾಕುವ ಬೀಗಕ್ಕೂ ಒಂದೇ ಹೆಸರಿರುವುದು ಸಲ್ಲದು. ಮೊದಲನೆಯದಕ್ಕೆ 'ವರ್ಣಸಂಕೇತ' ಎಂದೂ ಎರಡನೆಯದಕ್ಕೆ 'ಗೂಢಲಿಪಿ' ಎಂದೂ ನಿಗದಿಪಡಿಸುವುದು ಒಳ್ಳೆಯದು.

ಹೆಸರು ತಪ್ಪಿದರೂ ಸಂಖ್ಯೆ ಕಾಯುತ್ತದೆ ಎಂಬುದಕ್ಕೆ ಹಳಗನ್ನಡದ ವಿದ್ವಾಂಸರಿಗೆ ಪ್ರಿಯವಾಗಬಹುದಾದ ಒಂದು ನಿದರ್ಶನವಿದೆ. ಯುನಿಕೋಡ್ ಪಟ್ಟಿಯಲ್ಲಿ ರೞ ಎಂದು ನಾವು ಕರೆಯುವ ೞ ಅಕ್ಷರದ ಅಧಿಕೃತ ಇಂಗ್ಲಿಷ್ ಹೆಸರು 'ಫ' ಎಂದಾಗಿದೆ. ಇದು ಶುದ್ಧ ತಪ್ಪು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ತಿದ್ದುಪಡಿಯ ಉಪನಾಮವೊಂದನ್ನು ಸೇರಿಸಿ ಬಿಡಲಾಗಿದೆ. ಆದರೆ 3294 ಎಂಬ ಸಂಖ್ಯೆ ಆ ಅಕ್ಷರಕ್ಕೇ ಸೇರಿದೆ, ಆದ್ದರಿಂದ ಪಂಪನ ಪಠ್ಯವನ್ನು ಯಾರು ಎಲ್ಲಿ ಬರೆದರೂ ೞಕಾರ ೞಕಾರವಾಗಿಯೇ ಉಳಿಯುತ್ತದೆ.

ಗ್ರಂಥಾಲಯಗಳಿಗೆ ಈ ಭೇದಗಳು ತುರ್ತಾದವು. ಪುಸ್ತಕಗಳನ್ನು ರಾಷ್ಟ್ರೀಯ ಗ್ರಂಥಾಲಯವೂ ಸೇರಿ ನಿಗದಿತ ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂಬ 1954ರ ಕಾಯಿದೆ 'ಪುಸ್ತಕ'ವನ್ನು ವ್ಯಾಖ್ಯಾನಿಸಿದ್ದು ಸಂಪುಟ, ಕಿರುಹೊತ್ತಿಗೆ, ಮುದ್ರಿತ ನಕ್ಷೆಗಳ ಲೋಕದಲ್ಲಿ. ಜಾಲದ ಪುಟವನ್ನು ಕಾಪಾಡುವ ಹೊಣೆ ಆ ಮಾತಿನ ಹೊರಗೆ ಬಿದ್ದಿತು. ಹೀಗಾಗಿ 1990ರ ದಶಕದ ಕೊನೆಯಿಂದ ಸುಮಾರು ಹದಿನೈದು ವರ್ಷಗಳ ಕಾಲ ಕನ್ನಡದಲ್ಲಿ ಕಂಪ್ಯೂಟರಿನಿಂದ ಹುಟ್ಟಿದ ಪಠ್ಯದ ಬಹುಭಾಗ ಇಂದು ಖಾಸಗಿ ಮುದ್ರಿಕೆಗಳಲ್ಲಿ, ಪ್ರಕಾಶಕರ ಕಪಾಟುಗಳಲ್ಲಿ, ಮೊಳೆಸಂಖ್ಯೆಗಳ ರೂಪದಲ್ಲಿ ಇದೆ. ಇಂಥ ಮುದ್ರಿಕೆಯೊಂದು ಗ್ರಂಥಾಲಯಕ್ಕೆ ಬಂದಾಗ 'ಯಾವ ಫಾಂಟ್?' ಎಂದು ಕೇಳಿ ಸುಮ್ಮನಾಗುವುದು ಸಾಲದು. ಯಾವ ತಂತ್ರಾಂಶದ ಯಾವ ಆವೃತ್ತಿ, ಯಾವ ಸಂಖ್ಯಾಕ್ರಮ, ಫಾಂಟ್ ಕಡತ ಜೊತೆಗಿದೆಯೆ ಎಂಬಿಷ್ಟನ್ನು ಸೂಚಿಪತ್ರದಲ್ಲಿ ದಾಖಲಿಸಿಕೊಳ್ಳಬೇಕು. ಪರಿವರ್ತಕ ತಂತ್ರಾಂಶಗಳು ಇವೆ, ಅವು ಬಹುಪಾಲು ಸರಿಯಾಗಿ ಕೆಲಸ ಮಾಡುತ್ತವೆ. ಎಡವುವುದು ಅಂಚಿನ ಪ್ರಸಂಗಗಳಲ್ಲಿ, ಅದರಲ್ಲೂ ರೇಫೆಯ ವಿಷಯದಲ್ಲಿ. 'ಕಾರ್ಯ' ಎಂಬಲ್ಲಿ ಅರ್ಕಾವೊತ್ತು ಬೇಕು. 'ರ‍್ಯಾಂಕ್' ಎಂಬಲ್ಲಿ ರಕಾರವನ್ನು ಪೂರ್ಣವಾಗಿ ಉಳಿಸಿ ಯಕಾರವನ್ನು ಒತ್ತಾಗಿಸಲು ಕಣ್ಣಿಗೆ ಕಾಣದ ಜೋಡಣಾ ಚಿಹ್ನೆಯೊಂದನ್ನು ನಡುವೆ ಸೇರಿಸಬೇಕಾಗುತ್ತದೆ. ಆ ಚಿಹ್ನೆ ಇರುವ ರೂಪವನ್ನೂ ಇಲ್ಲದ ರೂಪವನ್ನೂ ಕೆಲವು ಶೋಧಗಳು ಎರಡು ಬೇರೆ ಪದಗಳೆಂದೇ ಎಣಿಸುತ್ತವೆ. ಪರಿವರ್ತನೆಗೊಂಡ ಪ್ರತಿಯನ್ನು ಅದರ ಮುದ್ರಿತ ಆವೃತ್ತಿ ಲಭ್ಯವಿರುವಾಗಲೇ ಪಕ್ಕದಲ್ಲಿಟ್ಟುಕೊಂಡು, ರೇಫೆ ಬಂದ ಸ್ಥಳಗಳನ್ನೆಲ್ಲ ಒಂದೊಂದಾಗಿ ಹೋಲಿಸಿ ನೋಡಬೇಕು. ಈ ಕೆಲಸಕ್ಕೆ ಕಂಪ್ಯೂಟರ್ ಬಲ್ಲವನಿಗಿಂತ ಹಳೆಯ ಮುದ್ರಣಾಲಯದ ಕರಡು ತಿದ್ದುವವನೇ ಹೆಚ್ಚು ಯೋಗ್ಯ.